ಧಾರಣೆ ಗೊತ್ತಿಲ್ಲ, ದೊರೆ ಇದ್ದಾನೋ ಇಲ್ಲವೋ ಗೊತ್ತಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಫೋನು, ತಂತಿ, ಸರಿಯಾದ ನಕಾಶೆ, ಹವಾಮಾನ ವರದಿ ಯಾವುದೂ ಇಲ್ಲದ ಕಾಲದಲ್ಲಿ ಜನ ಹೇಗೆ ವ್ಯಾಪಾರ ಮಾಡಿದರು, ಹೇಗೆ ಊರು ಬಿಟ್ಟು ಹೊರಟರು, ಹೇಗೆ ರಾಜ್ಯ ಆಳಿದರು? ಕಾಲೇಜಿನಲ್ಲಿ ಇತಿಹಾಸ ಹೇಳುತ್ತಿದ್ದಷ್ಟು ಕಾಲವೂ ನನಗೆ ಅತಿ ಪ್ರಿಯವಾಗಿದ್ದ ವಿಷಯ ಇದು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಜಾಗ ಇರಲಿಲ್ಲ. ಆದ್ದರಿಂದ ಈ ಸಲದ ಪುಟಗಳನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ವಾಸ್ಕೋ ಡ ಗಾಮ ಆಫ್ರಿಕಾದಿಂದ ಕಲ್ಲಿಕೋಟೆಗೆ ನಾಲ್ಕು ವಾರದೊಳಗೆ ಬಂದ. ವಾಪಸ್ ಹೋಗಲು ಮೂರು ತಿಂಗಳು ಬೇಕಾಯಿತು ಎಂದು ಓದಿದೆ. ಅದೇ ಹಡಗು, ಅದೇ ಸಮುದ್ರ. ಹೀಗೇಕೆ?
– ಕಾರವಾರದ ವಿದ್ಯಾರ್ಥಿನಿ

ಅದೇ ಸಮುದ್ರ ಹೇಗಾಗುತ್ತದೆ ತಂಗೀ? ಮೇ ತಿಂಗಳ ಅರಬ್ಬೀ ಸಮುದ್ರ ಬೇರೆ, ಅಕ್ಟೋಬರ್‌ನದು ಬೇರೆ. ನಿಮ್ಮೂರಿನ ಮೀನುಗಾರರ ಕೇರಿಯಲ್ಲಿ ಯಾರನ್ನು ಬೇಕಾದರೂ ಕೇಳು.

1498ರ ಏಪ್ರಿಲ್ 24ರಂದು ಗಾಮ ಪೂರ್ವ ಆಫ್ರಿಕಾದ ಮಲಿಂದಿ ಬಂದರು ಬಿಟ್ಟಾಗ, ಈ ಕಡಲನ್ನು ಬಲ್ಲ ನಾವಿಕನೊಬ್ಬನನ್ನು ಅಲ್ಲಿಯ ದೊರೆ ಜೊತೆಗೆ ಕಳಿಸಿದ್ದ. ನೈರುತ್ಯದ ಗಾಳಿ ಆಗಷ್ಟೇ ಏಳುತ್ತಿದ್ದ ಹೊತ್ತು. ಮಳೆಗಾಲದ ಅಬ್ಬರ ಶುರುವಾಗುವ ಮೊದಲೇ, ಮೇ 20ಕ್ಕೆ, ಹಡಗುಗಳು ಕಲ್ಲಿಕೋಟೆಯ ಹತ್ತಿರ ಲಂಗರು ಹಾಕಿದವು. ಆ ನಾವಿಕನ ತಲೆಯಲ್ಲಿದ್ದ ತಿಳಿವಳಿಕೆ ಗಾಮನದಾಗಿರಲಿಲ್ಲ ಎಂಬುದು ಹಿಂದಿರುಗುವಾಗ ಗೊತ್ತಾಯಿತು. ಅಲ್ಲಿಯ ದೊರೆ ಸಾಮೂತಿರಿಯ ಜೊತೆ ಸುಂಕದ ವಿಚಾರಕ್ಕೆ ಮನಸ್ತಾಪವಾಗಿ ಆಗಸ್ಟ್ ಕೊನೆಗೆ ಕಲ್ಲಿಕೋಟೆ ಬಿಟ್ಟ. ತೀರ ಹಿಡಿದು ಉತ್ತರಕ್ಕೆ ಬಂದು ನಿಂತದ್ದು ನಿಮ್ಮ ಕಾರವಾರದ ಬಗಲಲ್ಲೇ ಇರುವ ಅಂಜದೀವ ದ್ವೀಪದಲ್ಲಿ. ಅಲ್ಲಿ ಹಡಗುಗಳ ತಳ ಕೆರೆದು ಶುಚಿ ಮಾಡಿ, ಸಿಹಿನೀರು ತುಂಬಿಸಿಕೊಂಡು, ಅಕ್ಟೋಬರ್ 5ಕ್ಕೆ ಹೊರಟ. ಈಶಾನ್ಯದ ಗಾಳಿ ಇನ್ನೂ ನೆಲೆಯಾಗಿರಲಿಲ್ಲ. ಒಂದು ದಿನ ಗಾಳಿಯೇ ಇಲ್ಲ, ಇನ್ನೊಂದು ದಿನ ಎದುರುಗಾಳಿ. ಆಫ್ರಿಕಾದ ದಡ ಕಂಡದ್ದು 1499ರ ಜನವರಿ 2ಕ್ಕೆ. ಅಷ್ಟರಲ್ಲಿ ಒಸಡು ಬಾತು, ಕಾಲು ಊದಿಕೊಂಡು ಸುಮಾರು 30 ಮಂದಿ ಸತ್ತಿದ್ದರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಲು ಶಕ್ತಿಯಿದ್ದವರು ಏಳೆಂಟು ಜನ. ಮುಂದೆ ಒಂದು ಹಡಗನ್ನು ನಡೆಸಲು ಆಳಿಲ್ಲದೆ ಅವರೇ ಸುಟ್ಟುಹಾಕಿದರು. ಇನ್ನೊಂದೆರಡು ತಿಂಗಳು ಅಂಜದೀವದಲ್ಲೇ ಕಾದಿದ್ದರೆ ಗಾಳಿ ತಾನಾಗಿ ಅವರನ್ನು ದಾಟಿಸುತ್ತಿತ್ತು. ಈ ತೀರದ ಎಲ್ಲ ಹಡಗಿನವರಿಗೂ ಗೊತ್ತಿದ್ದ ಸಂಗತಿ ಅದು. ಆದರೆ ಅವರನ್ನು ಕೇಳುವಷ್ಟು ಸ್ನೇಹವನ್ನು ಗಾಮ ಇಲ್ಲಿ ಉಳಿಸಿಕೊಂಡಿರಲಿಲ್ಲ.

ಅಂಜದೀವದಲ್ಲಿ ನಡೆದ ಇನ್ನೊಂದು ಪ್ರಸಂಗ ನಿನ್ನ ಟಿಪ್ಪಣಿ ಪುಸ್ತಕದಲ್ಲಿರಲಿ. ಗೋವೆಯ ಅಧಿಪತಿಯ ಸೇವೆಯಲ್ಲಿದ್ದ, ಯುರೋಪಿನ ಯಹೂದಿ ಮೂಲದ ಒಬ್ಬಾತ ಅಲ್ಲಿಗೆ ಬಂದು ಪೋರ್ಚುಗೀಸರ ಜೊತೆ ಸಲಿಗೆಯಿಂದ ಮಾತಾಡಿದ. ಗೂಢಚಾರ ಎಂದು ಅನುಮಾನ ಬಂದು ಅವನನ್ನು ಹಿಡಿದು, ಹಿಂಸಿಸಿ, ಗೊತ್ತಿದ್ದುದನ್ನೆಲ್ಲ ಹೇಳಿಸಿದರು. ಆಮೇಲೆ ಲಿಸ್ಬನ್‌ಗೆ ಕೊಂಡೊಯ್ದು, ಗಾಸ್ಪರ್ ಡ ಗಾಮ ಎಂದು ಹೆಸರಿಟ್ಟು, 1500ರಲ್ಲಿ ಭಾರತಕ್ಕೆ ಹೊರಟ ಪೋರ್ಚುಗೀಸ್ ನಾಯಕ ಕಬ್ರಾಲ್‌ನ ಯಾನದಲ್ಲಿ ದುಭಾಷಿಯಾಗಿ ಕಳಿಸಿದರು. ಆ ಕಾಲದಲ್ಲಿ ತಿಳಿವಳಿಕೆ ಇದ್ದದ್ದು ಮನುಷ್ಯರ ತಲೆಯಲ್ಲಿ. ಅದು ಬೇಕೆಂದರೆ ಮನುಷ್ಯನನ್ನೇ ಒಲಿಸಿಕೊಳ್ಳಬೇಕು, ಇಲ್ಲವೇ ಎತ್ತಿಕೊಂಡು ಹೋಗಬೇಕು. ಪೋರ್ಚುಗೀಸರು ಎರಡನ್ನೂ ಮಾಡಿದರು.

ನಮ್ಮದು ಅಡಿಕೆ, ಕಾಳುಮೆಣಸಿನ ತೋಟ. ಬೆಳಿಗ್ಗೆ ಎದ್ದರೆ ಮೊಬೈಲಿನಲ್ಲೇ ನಾಲ್ಕು ಮಾರುಕಟ್ಟೆಯ ಧಾರಣೆ ನೋಡುತ್ತೇನೆ. ಆದರೂ ಯಾವಾಗ ಮಾರಬೇಕೆಂದು ತಿಳಿಯುವುದಿಲ್ಲ. ಸಮುದ್ರದಾಚೆಯ ಬೆಲೆಯೇ ಗೊತ್ತಿಲ್ಲದೆ ಮೆಣಸು ಕಳಿಸುತ್ತಿದ್ದವರಿಗೆ ಅದೆಂಥ ಧೈರ್ಯ?
– ಶಿರಸಿಯ ಬೆಳೆಗಾರರು

ನನ್ನ ತಂದೆಯವರದೂ ಸಣ್ಣ ಮಂಡಿ. ಮುಂಬೈಯಿಂದ ಧಾರಣೆಯ ತಂತಿ ಬರುವವರೆಗೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ಹಾಗಾಗಿ ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಧೈರ್ಯ ಬೇಕಿತ್ತು, ನಿಜ. ಅದರ ಜೊತೆಗೆ ಅವರು ಕಟ್ಟಿಕೊಂಡಿದ್ದ ಏರ್ಪಾಡು ಎಂಥದೆಂದು ನೋಡಿದರೆ ಇಂದಿಗೂ ನನಗೆ ಗೌರವ ಹುಟ್ಟುತ್ತದೆ.

ನಮ್ಮ ಮಂಗಳೂರಿನದೇ ಉದಾಹರಣೆ ಕೊಡುತ್ತೇನೆ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯ ಹುಟ್ಟೂರು ಇಂದಿನ ಟ್ಯುನೀಸಿಯಾದ ಮಹದಿಯಾ. 1132ರಲ್ಲಿ ಆತ ಮಂಗಳೂರಿನಲ್ಲಿದ್ದ. ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡಿಸಿ ಬರೆದುಕೊಟ್ಟ ಆ ವರ್ಷದ ಪತ್ರ ಸಿಕ್ಕಿದೆ. 1149ರ ಹೊತ್ತಿಗೆ ಅವನು ಇಂದಿನ ಯೆಮೆನ್ ದೇಶದ ಬಂದರು ಏಡನ್‌ಗೆ ಮರಳಿದ್ದ. ಈ ನಡುವಿನ ವರ್ಷಗಳಲ್ಲಿ ಮೆಣಸು, ಕಬ್ಬಿಣ, ಅಡಿಕೆ, ಏಲಕ್ಕಿ ಕಳಿಸುತ್ತ, ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯನ್ನೂ ನಡೆಸಿದ. ಅವನಿಗೆ ಬಂದ ಕಾಗದಗಳು ಕೈರೋ ಬಳಿಯ ಫುಸ್ತಾತ್‌ನ ಯಹೂದಿ ಮಂದಿರದ ಒಂದು ಕೋಣೆಯಲ್ಲಿ ಉಳಿದುಬಂದವು. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಎಸೆಯಬಾರದೆಂದು ಅಲ್ಲಿ ಕೂಡಿಡುತ್ತಿದ್ದರು. ಭಾಷೆ ಅರಬ್ಬಿ, ಅಕ್ಷರ ಹೀಬ್ರೂ.

ಈಗ ಅವನ ಕ್ಯಾಲೆಂಡರ್ ನೋಡಿ. ಮಂಗಳೂರಿನಿಂದ ಹಡಗು ಹೊರಡುವುದು ಚಳಿಗಾಲದಲ್ಲಿ. ಏಡನ್‌ನಿಂದ ಈ ಕಡೆಗೆ ಹೊರಡುವುದು ಮಳೆಗಾಲದ ಬಾಲ ಹಿಡಿದು, ಆಗಸ್ಟ್ ಕೊನೆಗೆ. ಅಂದರೆ ಜನವರಿಯಲ್ಲಿ ಇಲ್ಲಿಂದ ಕೇಳಿದ ಪ್ರಶ್ನೆಗೆ ಉತ್ತರ ನವರಾತ್ರಿಯ ಆಸುಪಾಸಿಗೆ. ಅಷ್ಟರಲ್ಲಿ ಆ ಉತ್ತರ ಹಳತಾಗಿರುತ್ತದೆ. ಇಂಥ ಸ್ಥಿತಿಯಲ್ಲಿ ಬೆಲೆಯನ್ನು ನಂಬಿ ವ್ಯಾಪಾರ ಮಾಡಲು ಆಗುವುದಿಲ್ಲ. ಮನುಷ್ಯನನ್ನು ನಂಬಿ ಮಾಡಬೇಕು. ಏಡನ್‌ನಲ್ಲಿ ಮದ್ಮೂನ್ ಎಂಬ ಹಿರಿಯ ವ್ಯಾಪಾರಿ ಇದ್ದ. ಬೆನ್ ಯಿಜು ಕಳಿಸಿದ ಸರಕನ್ನು ತನಗೆ ಸರಿಕಂಡ ಹೊತ್ತಿಗೆ, ಸರಿಕಂಡ ಬೆಲೆಗೆ ಮಾರಲು ಅವನಿಗೆ ಬಿಟ್ಟಿತ್ತು. ಬಂದ ಹಣದಲ್ಲಿ ಇಲ್ಲಿಗೆ ಬೇಕಾದುದನ್ನು ಕೊಂಡು ಲೆಕ್ಕದ ಸಮೇತ ಕಳಿಸುತ್ತಿದ್ದ. ಜೊತೆಗೆ ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಉಡುಗೊರೆಯಾಗಿ ಬರುತ್ತಿತ್ತು. ಇಲ್ಲಿ ನಾವು ಓಲೆಗರಿಯ ಮೇಲೆ ಬರೆಯುತ್ತಿದ್ದ ಕಾಲ ಅದು, ಅವನಿಗೆ ಕಾಗದ ಸಿಗುವುದೇ ದುರ್ಲಭ. ಮುಖ್ಯವಾದ ಪತ್ರವಾದರೆ ಪ್ರತಿ ಮಾಡಿಸಿ ಬೇರೆ ಬೇರೆ ಹಡಗಿನಲ್ಲಿ ಕಳಿಸುವ ರೂಢಿ ಇತ್ತು. ಒಂದು ಮುಳುಗಿದರೆ ಇನ್ನೊಂದು ತಲುಪಲಿ ಎಂದು. ಸರಕನ್ನೂ ಹಾಗೇ ಹಂಚಿ ಹೇರುತ್ತಿದ್ದರು.

ಮುಳುಗುತ್ತಲೂ ಇದ್ದವು. ಏಡನ್‌ನಿಂದ ಬೆನ್ ಯಿಜುಗೆ ಬಂದ ಒಂದು ಕಾಗದದಲ್ಲಿ ಇಂಥ ಸುದ್ದಿ ಇದೆ: ಹಡಗು ಮುಳುಗಿತು, ಮೆಣಸು ಪೂರ್ತಿ ಹೋಯಿತು, ಏಡನ್‌ನಿಂದ ಮುಳುಗುಗಾರರನ್ನು ಕರೆಸಿ ಕಬ್ಬಿಣದಲ್ಲಿ ಸುಮಾರು ಅರ್ಧವನ್ನು ಮೇಲೆತ್ತಿಸಿದೆವು. ಮಂಗಳೂರಿನಲ್ಲಿ ಕುಳಿತವನಿಗೆ ಇದು ಸುಳ್ಳೋ ನಿಜವೋ ನೋಡಿಬರಲು ದಾರಿಯೇ ಇಲ್ಲ. ಇಲ್ಲೇ ವ್ಯಾಪಾರಿಯ ಹೆಸರಿಗೆ ಬೆಲೆ ಬರುವುದು. ಏಲಕ್ಕಿಗೆಂದು ಮುಂಗಡ ಪಡೆದ ಮಲಬಾರಿನ ವರ್ತಕನೊಬ್ಬ ಸರಕು ಕೊಡದೆ ಸತಾಯಿಸಿದಾಗ ಏಡನ್‌ನ ಪಾಲುದಾರ ಬರೆದ ಸಲಹೆ ಏನು ಗೊತ್ತೇ? ಮಾತು ತಪ್ಪಿದವನಿಗೆ ನಮ್ಮಲ್ಲಿ ಬಹಿಷ್ಕಾರ ಹಾಕುತ್ತೇವೆ ಎಂದು ಅವನನ್ನು ಹೆದರಿಸು ಎಂಬುದು. ಆಗ ಸಮುದ್ರದ ಎರಡೂ ದಡಕ್ಕೆ ಒಂದೇ ನ್ಯಾಯಾಲಯ ಇರಲಿಲ್ಲ. ಇದ್ದದ್ದು ಹೆಸರು ಕೆಡುವ ಭಯವೊಂದೇ.

ನಿಮಗೆ ಇಷ್ಟವಾಗಬಹುದಾದ ಇನ್ನೊಂದು ಕಾಗದವಿದೆ. ಮಂಗಳೂರಿನ ಸ್ಥಳೀಯ ವರ್ತಕರಿಗೆ ಹೇಳು ಎಂದು ಮದ್ಮೂನ್ ಬರೆಯುತ್ತಾನೆ: ಬರುವ ವರ್ಷ ಇಲ್ಲಿ ಮೆಣಸಿಗೂ ಕಬ್ಬಿಣಕ್ಕೂ ಒಳ್ಳೆಯ ಬೆಲೆ ಬರಲಿದೆ, ಮಂಗಳೂರಿನಿಂದಲೇ ಒಂದು ಹಡಗು ಹೊರಡಿಸಲಿ, ಮೆಣಸು, ಕಬ್ಬಿಣ, ಶುಂಠಿ ತುಂಬಿಸಲಿ, ಹಗ್ಗದ ನಾರು, ತೆಂಗಿನಕಾಯಿ, ಮಾವು ಕೂಡ ಚೆನ್ನಾಗಿ ಹೋಗುತ್ತಿವೆ. ಬೇರೆ ಧರ್ಮ, ಬೇರೆ ಭಾಷೆಯವರಿಗೆ ಕೊಟ್ಟ ಧಾರಣೆಯ ಸುದ್ದಿ ಇದು. ಪುಕ್ಕಟೆ ಉಪಕಾರವೆಂದು ನಾನು ಭಾವಿಸುವುದಿಲ್ಲ. ಈ ವರ್ಷ ಸುದ್ದಿ ಕೊಟ್ಟವನಿಗೆ ಮುಂದಿನ ವರ್ಷ ಸುದ್ದಿ ಸಿಗುತ್ತದೆ. ನಿಮ್ಮ ಫೋನಿನಲ್ಲಿ ಕಾಣುವ ಧಾರಣೆ ಎಲ್ಲರಿಗೂ ಒಟ್ಟಿಗೇ ಕಾಣುತ್ತದೆ, ಅದರಿಂದ ನಿಮಗೆ ಲಾಭ ಕಡಿಮೆ. ಅಂದು ಮೊದಲು ತಿಳಿದವನ ಕೈಗೇ ಲಾಭ. ಬೆಟ್ಟದಿಂದ ಮೆಣಸು ಹೊತ್ತು ತಂದವನಿಗೆ ಏಡನ್‌ನ ಬೆಲೆ ಎಂದೂ ತಿಳಿಯುತ್ತಿರಲಿಲ್ಲ ಎಂಬುದನ್ನೂ ನಾವು ಮರೆಯಬಾರದು.

ನನ್ನ ಯಜಮಾನರು ಗಲ್ಫ್‌ನಲ್ಲಿದ್ದಾರೆ. ರಾತ್ರಿ ಒಂದು ಕರೆ ಬಾರದಿದ್ದರೆ ನನಗೆ ನಿದ್ದೆ ಇಲ್ಲ. ಆ ಕಾಲದ ಹೆಂಗಸರು ವರ್ಷಗಟ್ಟಲೆ ಸುದ್ದಿಯಿಲ್ಲದೆ ಹೇಗಿದ್ದರು?
– ಭಟ್ಕಳದ ಓದುಗರು

ಅಮ್ಮಾ, ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಾನು ಋಣಿ. ನಮ್ಮ ಇತಿಹಾಸಕಾರರು ಮೆಣಸಿನ ಬೆಲೆಯ ಬಗ್ಗೆ ಬರೆದಷ್ಟು ಇದರ ಬಗ್ಗೆ ಬರೆದಿಲ್ಲ.

ಕಡಲು ದಾಟಿದ ಗಂಡ ಸತ್ತನೋ ಬದುಕಿದ್ದಾನೋ ತಿಳಿಯದಿದ್ದರೆ ಹೆಂಡತಿ ಅತ್ತ ವಿಧವೆಯೂ ಅಲ್ಲ, ಇತ್ತ ಸಂಸಾರಸ್ಥೆಯೂ ಅಲ್ಲ. ಯಹೂದಿ ಧರ್ಮಶಾಸ್ತ್ರದಂತೆ ಗಂಡನ ಸಾವು ಖಚಿತವಾಗದೆ ಆಕೆ ಮರುಮದುವೆಯಾಗುವಂತಿರಲಿಲ್ಲ. ಅದಕ್ಕೆಂದೇ ಆಗಿನ ಕೆಲವು ವ್ಯಾಪಾರಿಗಳು ಹೊರಡುವ ಮೊದಲು ಷರತ್ತಿನ ವಿಚ್ಛೇದನ ಪತ್ರ ಬರೆದುಕೊಡುತ್ತಿದ್ದರು. ಇಂಥ ಅವಧಿಯೊಳಗೆ ನಾನು ಬಾರದಿದ್ದರೆ ನೀನು ಸ್ವತಂತ್ರಳು ಎಂದು ಅದರ ಅರ್ಥ. ಹೊರಡುವ ಮುನ್ನ ಇಂಥದೊಂದನ್ನು ಬರೆದು ಕೈಗಿಡುವ ಗಂಡನನ್ನೂ, ಅದನ್ನು ಪೆಟ್ಟಿಗೆಯಲ್ಲಿಡುವ ಹೆಂಡತಿಯನ್ನೂ ನೆನೆದರೆ ನನಗೆ ಮಾತು ಹೊರಡುವುದಿಲ್ಲ. ನಮ್ಮ ನಾರದಸ್ಮೃತಿಯೂ ಈ ಪ್ರಶ್ನೆಯನ್ನು ಎದುರಿಸಿದೆ. ದೇಶಾಂತರ ಹೋದ ಗಂಡನಿಗಾಗಿ ಬ್ರಾಹ್ಮಣ ಹೆಂಗಸು 8 ವರ್ಷ, ಮಕ್ಕಳಾಗಿರದಿದ್ದರೆ 4 ವರ್ಷ ಕಾಯಬೇಕು, ಆಮೇಲೆ ಬೇರೊಬ್ಬನನ್ನು ಆಶ್ರಯಿಸಬಹುದು ಎನ್ನುತ್ತದೆ. ಆ ವರ್ಷಗಳನ್ನು ಗೊತ್ತುಮಾಡಿದವರು ಗಂಡಸರು, ಕಾಯಬೇಕಾದವರು ಹೆಂಗಸರು. ಆದರೂ ಕಾಯುವುದಕ್ಕೆ ಒಂದು ಮಿತಿ ಬೇಕೆಂದು ಅವರಿಗೆ ಅನಿಸಿತ್ತಲ್ಲ, ಅದು ಸಣ್ಣ ಮಾತಲ್ಲ.

ಹೊರಟುಹೋದವರ ಸಂಕಟವೂ ಇತ್ತು. ಬೆನ್ ಯಿಜುವಿನ ಹುಟ್ಟೂರು ಮಹದಿಯಾವನ್ನು 1148ರಲ್ಲಿ ಸಿಸಿಲಿಯ ನಾರ್ಮನ್ನರು ಹಿಡಿದರು. ಮರುವರ್ಷ ಏಡನ್‌ನಿಂದ ಅವನು ಒಡಹುಟ್ಟಿದವರಿಗೆ ಬರೆದ ಕಾಗದ ಉಳಿದಿದೆ. ಆ ಕರಾವಳಿಯ ಊರುಗಳಿಗೆ ಒದಗಿದ ಗತಿಯನ್ನು ಕೇಳಿದ್ದೇನೆ, ಯಾರು ಸತ್ತರು ಯಾರು ಉಳಿದರು ಎಂದು ತಿಳಿಸುವ ಒಂದು ಪತ್ರವೂ ಬಂದಿಲ್ಲ, ವಿವರವಾಗಿ ಬರೆದು ನಂಬಿಗಸ್ತರ ಕೈಯಲ್ಲಿ ಕಳಿಸಿ ಎಂದು ಅಂಗಲಾಚಿದ್ದಾನೆ. ಬದುಕುಳಿದ ಅಣ್ಣತಮ್ಮಂದಿರ ಮಗನೊಬ್ಬನಿಗೆ ತನ್ನ ಮಗಳನ್ನು ಕೊಡುತ್ತೇನೆ ಎಂದೂ ಬರೆದಿದ್ದಾನೆ. ಯಾರಿದ್ದಾರೆಂದು ತಿಳಿಯದೆಯೇ ಕೊಟ್ಟ ಮಾತು ಅದು. ಅವರು ಸಿಸಿಲಿಗೆ ವಲಸೆ ಹೋಗಿ ಬದುಕಿದ್ದರು. 1156ರಲ್ಲಿ ಫುಸ್ತಾತ್‌ನಲ್ಲಿ ಆ ಮದುವೆ ನಡೆಯಿತು.

ಇಷ್ಟು ಅಪಾಯವಿದ್ದರೆ ಸಾಲ ಕೊಡುವವರು ಯಾರು? ವಿಮೆ ಇತ್ತೇ?
– ಬೆಂಗಳೂರಿನ ಬ್ಯಾಂಕ್ ಉದ್ಯೋಗಿ

ಬಡ್ಡಿಯೇ ವಿಮೆ. ಯಾಜ್ಞವಲ್ಕ್ಯಸ್ಮೃತಿ ಕಾಡುದಾರಿಯಲ್ಲಿ ಹೋಗುವವರಿಗೆ ನೂರಕ್ಕೆ 10, ಸಮುದ್ರಕ್ಕೆ ಹೋಗುವವರಿಗೆ ನೂರಕ್ಕೆ 20 ಎಂದು ಬಡ್ಡಿ ಹೇಳುತ್ತದೆ. ಅದು ತಿಂಗಳ ಬಡ್ಡಿ! ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಇದೇ ದರ. ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಇದಕ್ಕೆ ಟೀಕೆ ಬರೆಯುತ್ತ, ಪ್ರಾಣವೂ ಧನವೂ ನಾಶವಾದೀತೆಂಬ ಶಂಕೆಯಿರುವ ಜಾಗಕ್ಕೆ ಇವರು ಹೋಗುತ್ತಾರೆ, ಅಸಲೇ ಮುಳುಗಬಹುದು, ಆದ್ದರಿಂದ ಈ ದರ ಎಂದು ವಿವರಿಸಿದ. ಅಪಾಯಕ್ಕೆ ಬೆಲೆ ಕಟ್ಟುವ ಲೆಕ್ಕಾಚಾರ ಇದಕ್ಕಿಂತ ಸ್ಪಷ್ಟವಾಗಿ ಬೇಕೇ? ಮುಂದೆ ಪಶ್ಚಿಮ ಭಾರತದಲ್ಲಿ ಜೋಖ್ಮಿ ಹುಂಡಿ ಎಂಬ ಹಣಪಾವತಿಯ ಪತ್ರ ಬಳಕೆಗೆ ಬಂತು. ಸರಕು ಕ್ಷೇಮವಾಗಿ ತಲುಪಿದರೆ ಮಾತ್ರ ಅದರ ಹಣ ಸಲ್ಲುತ್ತಿತ್ತು. ಯುರೋಪಿನಲ್ಲಿ ಸಮುದ್ರ ವಿಮೆಯ ಕರಾರು 1347ರ ಹೊತ್ತಿಗೆ ಜಿನೋವಾದಲ್ಲಿ ಕಾಣಿಸುತ್ತದೆ.

ಇವರೆಲ್ಲ ಜ್ಯೋತಿಷಿ ಹೇಳಿದ ಗಳಿಗೆ ನೋಡಿ ಹೊರಡುತ್ತಿದ್ದವರು. ಅಜ್ಞಾನಿಗಳನ್ನು ಇಷ್ಟು ಹೊಗಳುವುದೇಕೆ?
– ಹುಬ್ಬಳ್ಳಿಯ ಓದುಗರು

ಗೊತ್ತಿಲ್ಲದಿರುವುದಕ್ಕೂ ದಡ್ಡತನಕ್ಕೂ ಸಂಬಂಧವಿಲ್ಲ ಸ್ವಾಮಿ. ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಯಾವ ದಿನ ಹೊರಟರೂ ಅಪಾಯ ಅಷ್ಟೇ ಎಂದಾಗ, ನೂರಾರು ಜನರ ಒಂದು ಸಾರ್ಥ, ಅಂದರೆ ವ್ಯಾಪಾರಿಗಳ ತಂಡ, ಒಂದೇ ದಿನ ಹೊರಡಬೇಕಾದರೆ ಯಾರಾದರೂ ಒಂದು ದಿನ ಗೊತ್ತುಮಾಡಲೇಬೇಕು. ಮುಹೂರ್ತ ಆ ಕೆಲಸವನ್ನು ಮಾಡುತ್ತಿತ್ತು. ನಕ್ಷತ್ರಕ್ಕೂ ದರೋಡೆಗೂ ನಂಟಿಲ್ಲ ಎಂಬುದು ನಿಜ. ಆದರೆ ಎಲ್ಲರೂ ಒಟ್ಟಿಗೆ ಹೊರಟದ್ದರಿಂದ ದರೋಡೆ ಕಡಿಮೆಯಾಗಿದ್ದರೆ ಅದೂ ನಿಜವೇ.

ನನಗೆ ಭಯ ಹುಟ್ಟಿಸುವವರು, ಗೊತ್ತಿಲ್ಲದಿದ್ದರೂ ಗೊತ್ತಿದೆ ಎಂದುಕೊಂಡವರು. ಕೊಲಂಬಸ್ 1492ರಲ್ಲಿ ಹೊರಟಾಗ ಕ್ಯಾನರಿ ದ್ವೀಪಗಳಿಂದ ಜಪಾನಿಗೆ ಸುಮಾರು 2,400 ನಾಟಿಕಲ್ ಮೈಲಿ ಎಂದು ಲೆಕ್ಕ ಹಾಕಿದ್ದ. ನಿಜವಾದ ದೂರ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಈ ಲೆಕ್ಕ ಸರಿಯಿಲ್ಲ, ಅಷ್ಟು ಹತ್ತಿರ ಇರಲಾರದು ಎಂದ ಪೋರ್ಚುಗಲ್, ಸ್ಪೇನ್‌ಗಳ ವಿದ್ವಾಂಸರೇ ಸರಿ. ನಡುವೆ ಯಾರಿಗೂ ತಿಳಿಯದ ಭೂಖಂಡ ಸಿಕ್ಕಿದ್ದರಿಂದ ಅವನ ಜನ ಬದುಕಿದರು. ಆ ಭೂಖಂಡದ ಜನ ಅದಕ್ಕೆ ತೆತ್ತ ಬೆಲೆ ನಿಮಗೆ ಗೊತ್ತೇ ಇದೆ.

ಮೊಗಲ್ ಬಾದಶಹರು ದಿನಾ ಬೆಳಿಗ್ಗೆ ಅರಮನೆಯ ಝರೋಖಾ ಎಂಬ ಕಿಟಕಿಯಲ್ಲಿ ನಿಂತು ಜನರಿಗೆ ದರ್ಶನ ಕೊಡುತ್ತಿದ್ದರು ಎಂದು ಪಾಠದಲ್ಲಿದೆ. ಇದು ಬರೀ ವೈಭವವೇ ಎಂದು ಮಕ್ಕಳು ಕೇಳುತ್ತಾರೆ. ಏನು ಹೇಳಲಿ?
– ಬೀದರ್ ಜಿಲ್ಲೆಯ ಶಾಲಾ ಶಿಕ್ಷಕರು

ಮಾಸ್ತರರೇ, ದೊರೆ ಬದುಕಿದ್ದಾನೆ ಎಂಬುದಕ್ಕೆ ಅದೇ ದಾಖಲೆ ಎಂದು ಹೇಳಿ. ಖಜಾನೆ, ಸೈನ್ಯ, ಸುಬೇದಾರರ ನಿಷ್ಠೆ ಎಲ್ಲವೂ ಒಬ್ಬನ ಉಸಿರಿನ ಮೇಲೆ ನಿಂತಿರುವಾಗ ಆ ಉಸಿರು ಆಡುತ್ತಿದೆಯೋ ಇಲ್ಲವೋ ಎಂಬುದು ರಾಜ್ಯದ ಅತಿ ದೊಡ್ಡ ಸುದ್ದಿ.

ಮೊದಲು ವಿಜಯನಗರದ ಒಂದು ಘಟನೆ. 1443ರಲ್ಲಿ ಎರಡನೇ ದೇವರಾಯನ ತಮ್ಮ ಔತಣದ ನೆಪದಲ್ಲಿ ಪ್ರಮುಖರನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆಸಿ ಕೊಲ್ಲಿಸಿದ. ಹೊರಗೆ ವಾದ್ಯಗಳ ಗದ್ದಲ, ಒಳಗಿನ ಕೂಗು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಅರಮನೆಗೆ ಹೋಗಿ ಅಣ್ಣನನ್ನೂ ಇರಿದ, ಸತ್ತನೆಂದು ನಂಬಿ ಹೊರಬಂದು ತಾನೇ ಅರಸನೆಂದು ಸಾರಿದ. ದೇವರಾಯ ಸತ್ತಿರಲಿಲ್ಲ. ಗಾಯಗೊಂಡ ಮೈಯಲ್ಲೇ ಕುದುರೆ ಏರಿ ಜನರ ಎದುರಿಗೆ ಬಂದ. ತಮ್ಮನ ಆಳ್ವಿಕೆ ಅಲ್ಲಿಗೆ ಮುಗಿಯಿತು. ಇಂದಿನ ಅಫ್ಘಾನಿಸ್ತಾನದ ಹೆರಾತಿನಿಂದ ಬಂದಿದ್ದ ರಾಯಭಾರಿ ಅಬ್ದುಲ್ ರಜಾಕ್ ಇದನ್ನು ಬರೆದಿಟ್ಟ. ಅವನಿಗೂ ಇದೇ ಬಗೆಯ ಪೆಟ್ಟು ಬಿತ್ತು. ಇವನು ನಿಜವಾದ ರಾಯಭಾರಿಯಲ್ಲ ಎಂದು ಪರ್ಷಿಯನ್ ಕೊಲ್ಲಿಯ ಬಂದರು ಹೊರ್ಮುಜ್‌ನ ವರ್ತಕರು ವಿಜಯನಗರದಲ್ಲಿ ಗುಲ್ಲೆಬ್ಬಿಸಿದರು. ಹೆರಾತಿಗೆ ಬರೆದು ಕೇಳಿ ಉತ್ತರ ಬರಲು ಎಷ್ಟು ಕಾಲ ಬೇಕೋ ಲೆಕ್ಕ ಹಾಕಿ. ಅಷ್ಟರಲ್ಲಿ ಅವನಿಗೆ ಸಲ್ಲುತ್ತಿದ್ದ ಉಪಚಾರ ಕಡಿಮೆಯಾಯಿತು.

ಈಗ ನಿಮ್ಮ ಜಿಲ್ಲೆಗೇ ಬರೋಣ. 1657ರಲ್ಲಿ ಔರಂಗಜೇಬ ಬೀದರ ಕೋಟೆಯನ್ನೂ, ಬೇಸಿಗೆ ಕಳೆದ ಮೇಲೆ ಕಲ್ಯಾಣದ ಕೋಟೆಯನ್ನೂ ಹಿಡಿದ. ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಶಹಜಹಾನ್ ಹಾಸಿಗೆ ಹಿಡಿದ. ಝರೋಖಾ ದರ್ಶನ ನಿಂತಿತು. ಹತ್ತಿರವಿದ್ದ ಹಿರಿಯ ಮಗ ದಾರಾ ಕೆಲವರನ್ನು ಬಿಟ್ಟರೆ ಯಾರನ್ನೂ ಒಳಗೆ ಬಿಡಲಿಲ್ಲ, ದಾರಿಗಳ ಮೇಲೆ ಕಾವಲಿಟ್ಟು ತಮ್ಮಂದಿರಿಗೆ ಹೋಗುವ ಪತ್ರಗಳನ್ನು ತಡೆದ. ಒಂದು ವಾರದ ಮೇಲೆ ಬಾದಶಹ ಮಲಗುವ ಕೋಣೆಯ ಕಿಟಕಿಯಲ್ಲಿ ಮುಖ ತೋರಿಸಿದ. ಆದರೆ ಸುದ್ದಿ ನಿಂತ ಆ ಕೆಲವು ದಿನಗಳಲ್ಲೇ ಸತ್ತನೆಂಬ ಮಾತು ಊರೂರು ದಾಟಿತ್ತು. ಬಾದಶಹನ ಸಹಿಯಿರುವ ಕಾಗದ ಬಂದರೂ, ದಾರಾನಿಗೆ ತಂದೆಯ ಕೈಬರಹ ಬರುತ್ತದೆ, ಇದು ಅವನದೇ ಕೈವಾಡ ಎಂದರು. ಬಂಗಾಳದಲ್ಲಿ ಶೂಜಾ, ಗುಜರಾತಿನಲ್ಲಿ ಮುರಾದ್ ತಾವೇ ಬಾದಶಹರೆಂದು ಘೋಷಿಸಿಕೊಂಡರು. ಸುದ್ದಿಯನ್ನು ಮುಚ್ಚಿಟ್ಟದ್ದು ದಾರಾ ಮಾಡಿದ ಅತಿ ದೊಡ್ಡ ಅನಾಹುತ ಎಂಬುದು ನನ್ನ ಅಭಿಪ್ರಾಯ. ತಂದೆ ಕಾಯಿಲೆಯಲ್ಲಿದ್ದಾನೆ, ಬದುಕಿದ್ದಾನೆ ಎಂದು ಮೊದಲ ದಿನವೇ ತಿಳಿಸಿದ್ದರೆ ತಮ್ಮಂದಿರಿಗೆ ಸೈನ್ಯ ಎತ್ತಲು ನೆಪ ಇರುತ್ತಿರಲಿಲ್ಲ.

ಔರಂಗಜೇಬ ಅವಸರ ಮಾಡಲಿಲ್ಲ. ಮುರಾದನಿಗೆ ಸಂಕೇತ ಲಿಪಿಯ ಕೀಲಿ ಕಳಿಸಿ ಗುಟ್ಟಾಗಿ ಪತ್ರ ನಡೆಸಿದ. ನರ್ಮದೆಯ ಕಡವುಗಳಿಗೆ ಕಾವಲು ಹಾಕಿಸಿದ, ತನ್ನ ಸೈನ್ಯದ ಸುದ್ದಿ ಉತ್ತರಕ್ಕೆ ದಾಟದಿರಲಿ ಎಂದು. 1658ರ ಏಪ್ರಿಲ್‌ನಲ್ಲಿ ಉಜ್ಜಯಿನಿಯ ಬಳಿ ಬಾದಶಹನ ಪರವಾಗಿ ಅವನನ್ನು ತಡೆಯಲು ನಿಂತಿದ್ದ ಜಸವಂತಸಿಂಗನಿಗೆ ಔರಂಗಜೇಬ ನದಿ ದಾಟಿದ್ದು ಬಲು ತಡವಾಗಿ ತಿಳಿಯಿತು. ಅಷ್ಟರಲ್ಲಿ ಔರಂಗಜೇಬ, ಮುರಾದರ ಎರಡೂ ಸೈನ್ಯ ಒಂದಾಗಿದ್ದವು. ಧರ್ಮತ್‌ನಲ್ಲಿ ಜಸವಂತಸಿಂಗ್ ಸೋತ. ಯಾರು ಸತ್ತನೆಂದು ಈ ಯುದ್ಧ ಹೊತ್ತಿಕೊಂಡಿತೋ ಆ ಶಹಜಹಾನ್ ಆಗ್ರಾ ಕೋಟೆಯಲ್ಲಿ ಬಂದಿಯಾಗಿ 1666ರವರೆಗೆ ಬದುಕಿದ್ದ.

ತರಗತಿಯಲ್ಲಿ ಹೀಗೆ ಮಾಡಿ ನೋಡಿ. ಹಲಗೆಯ ಮೇಲೆ ಎರಡು ಸಾಲು ಎಳೆಯಿರಿ. 1657ರ ಸೆಪ್ಟೆಂಬರ್‌ನಿಂದ ದೆಹಲಿಯಲ್ಲಿ ನಡೆದದ್ದು ಒಂದರಲ್ಲಿ, ನಿಮ್ಮ ಜಿಲ್ಲೆಯಲ್ಲಿದ್ದ ಔರಂಗಜೇಬನಿಗೆ ತಿಳಿದದ್ದು ಇನ್ನೊಂದರಲ್ಲಿ. ಆಮೇಲೆ ಒಬ್ಬ ಹುಡುಗನನ್ನು ಔರಂಗಜೇಬನ ಜಾಗದಲ್ಲಿ ನಿಲ್ಲಿಸಿ, ಎರಡನೇ ಸಾಲನ್ನು ಮಾತ್ರ ಓದಲು ಬಿಟ್ಟು, ಹೊರಡುತ್ತೀಯೋ ಕಾಯುತ್ತೀಯೋ ಎಂದು ಕೇಳಿ.